ರೆಕ್ಕೆಯ ಸಂದಿ, ಕಿಟಕಿಯ ಸಂದಿ

ನಮ್ಮ ಗ್ಯಾರೇಜಿನಲ್ಲಿ ಆರು ವರ್ಷ ಕಾರಿಗೆ ಜಾಗ ಇರಲಿಲ್ಲ. ಅಲ್ಲಿ ನಾನು ವಿಮಾನ ಕಟ್ಟುತ್ತಿದ್ದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದೇನೂ ಭಾರೀ ಹುಚ್ಚಲ್ಲ. ಪ್ರತಿ ಜುಲೈಯಲ್ಲಿ ಇಲ್ಲಿನ ಆಷ್‌ಕಾಷ್‌ನಲ್ಲಿ ಇಂಥವರದೇ ಜಾತ್ರೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು, ಹತ್ತುವ ಬಾಗಿಲ ಬಳಿ 'ಎಕ್ಸ್‌ಪೆರಿಮೆಂಟಲ್' ಅಂತ ಬರೆದಿರಬೇಕು, ಇದು ನಿಯಮ. ನನ್ನ ಹೆಂಡತಿ ಅದನ್ನು ಓದಿದವಳು ಇವತ್ತಿಗೂ ಹತ್ತಿಲ್ಲ.

ವಿಮಾನ ಹಾರಿತು. ಅಂದುಕೊಂಡಷ್ಟು ವೇಗ ಮಾತ್ರ ಬರಲಿಲ್ಲ. ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ, ಅಂದರೆ ಹ್ಯಾಂಗರಿನಲ್ಲಿ, ನನ್ನ ಪಕ್ಕದವರಾದ ಅಜ್ಜ ರೆಕ್ಕೆಗೂ, ಅದರ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುತ್ತಾ ವಿಮಾನವನ್ನು ವಾಲಿಸುವ ಹಲಗೆಯಾದ ಐಲರಾನ್‌ಗೂ ನಡುವಿನ ಸಂದಿಗೆ ಪೆನ್ಸಿಲ್ ತೂರಿಸಿ ತೋರಿಸಿದರು. ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಸಂದಿ ಸಿಕ್ಕರೆ ಗಾಳಿ ಸುಮ್ನಿರುತ್ತಾ? ಮೇಲಕ್ಕೆ ನುಗ್ಗುತ್ತದೆ. ಎತ್ತುವ ಬಲ ಸೋರುತ್ತದೆ, ಹಿಂದಕ್ಕೆಳೆಯುವುದು ಜಾಸ್ತಿಯಾಗುತ್ತದೆ.

ಶನಿವಾರ ಟೇಪ್ ತಂದು ಎಡರೆಕ್ಕೆಯ ಅಡಿಯಲ್ಲಿ ಮಲಗಿದೆ. ಒಂದು ಗುಳ್ಳೆಯೂ ಇಲ್ಲದಂತೆ ಬಿಗಿಯಾಗಿ ಎಳೆದೆಳೆದು ಅಂಟಿಸಿದೆ. ಅದೇ ಉತ್ಸಾಹದಲ್ಲಿ, ಇಳಿಯುವಾಗ ಕೆಳಕ್ಕೆ ಬಾಗಿಸುವ ಇನ್ನೊಂದು ಹಲಗೆಯಾದ ಫ್ಲ್ಯಾಪಿನ ಸಂದಿಗೂ ಕೈ ಹಾಕಿದೆ. "ಅದು ಬೇಕಂತಲೇ ಬಿಟ್ಟಿರುವ ಸಂದಿ!" ಅಂತ ಅಜ್ಜ ಕೂಗಿಕೊಂಡರು. ಎದ್ದು ಹೋಗಿ ಕಂಟ್ರೋಲ್ ಕಡ್ಡಿಯನ್ನು ಎಡಕ್ಕೆ ತಿರುಗಿಸಿದರೆ ಅರ್ಧಕ್ಕೇ ನಿಂತಿತು. ಐಲರಾನ್ ಮೇಲೇಳಲು ಟೇಪೇ ಬಿಡುತ್ತಿಲ್ಲ, ಮೂಗುದಾರ ಹಾಕಿ ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ. ಆಕಾಶದಲ್ಲಿ ಗೊತ್ತಾಗಿದ್ದರೆ? ಬೇಡ ಬಿಡಿ.

ಟೇಪ್ ಕಿತ್ತೆ. ಜೊತೆಗೆ ಒಂದು ಗೇಣು ಬಣ್ಣವೂ ಬಂತು.

ಐಲರಾನನ್ನು ಪೂರ್ತಿ ಮೇಲೆತ್ತಿ ಹಿಡಿದು, ಟೇಪಿಗೆ ಸ್ವಲ್ಪ ಸಡಿಲ ಕೊಟ್ಟು ಅಂಟಿಸಬೇಕಿತ್ತಂತೆ. ಹಾಗೆ ಮಾಡಲು ಇನ್ನೊಂದು ವಾರಾಂತ್ಯ ಹೋಯಿತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅಮ್ಮ, "ಹಲಸಿನ ಮೇಣ ಹಚ್ಚಬಾರದಿತ್ತಾ ಮಗಾ? ನಿಮ್ಮಜ್ಜಿ ಸೋರೋ ಕೊಡಕ್ಕೆಲ್ಲ ಅದನ್ನೇ ಹಚ್ತಿದ್ರು" ಅಂದರು.

ಕೊನೆಗೆ ವೇಗ ಹೆಚ್ಚಿದ್ದು ಎರಡು ನಾಟ್, ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಅದೂ ಹಿಂದಿನಿಂದ ಬೀಸಿದ ಗಾಳಿಯ ಕೊಡುಗೆ ಅಲ್ಲ ಅಂದುಕೊಂಡರೆ.

ಬೀಗುತ್ತಾ ಮನೆಗೆ ಬಂದೆ. ಮಲಗುವ ಕೋಣೆಯ ಕಿಟಕಿ ಎಂದಿನಂತೆ ಸಿಳ್ಳೆ ಹಾಕುತ್ತಿತ್ತು. ಹೆಂಡತಿ ಎರಡು ರಜಾಯಿ ಹೊದ್ದು ಕೂತಿದ್ದಳು. "ರೀ, ಹಾರೋ ರೆಕ್ಕೆಯ ಸಂದಿ ಮುಚ್ಚೋಕೆ ಬರುತ್ತೆ. ನಿಂತಲ್ಲೇ ನಿಂತಿರೋ ಕಿಟಕಿದು ಬರಲ್ವಾ?"

ಉಳಿದ ಟೇಪನ್ನೆಲ್ಲ ಆ ರಾತ್ರಿಯೇ ಕಿಟಕಿಗೆ ಅಂಟಿಸಿದೆ. ಒಂದು ಗುಳ್ಳೆಯೂ ಇಲ್ಲದಂತೆ. ಏಪ್ರಿಲ್‌ನಲ್ಲಿ ಬಿಸಿಲು ಬಂತೆಂದು ಅವಳು ಕಿಟಕಿ ತೆಗೆಯಲು ಹೋದಾಗ, ಅಲ್ಲೂ ಒಂದು ಗೇಣು ಬಣ್ಣ ಬಂತು.