ಮುಕ್ಕಾಲು ಕೋನಕ್ಕೆ ಕಾರಣವಿತ್ತು

1970ರ ದಶಕದ ಬ್ರಿಟನ್ನಿನ ಡೀಸೆಲ್ ರೈಲು ಎಂಜಿನ್‌ಗಳ ಚಿತ್ರಗಳೆಲ್ಲ ಮುಂಭಾಗವನ್ನು ಓರೆಯಾಗಿ, ಅಂದರೆ ಮುಕ್ಕಾಲು ಕೋನದಿಂದ, ಹಿಡಿದ ಒಂದೇ ಅಚ್ಚಿನವು, ಅದು ಛಾಯಾಗ್ರಾಹಕರ ಕಲ್ಪನೆಯ ಬಡತನ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಾಡಿರುವ ತೀರ್ಮಾನವನ್ನು ನಾನು ಒಪ್ಪಲಾರೆ. ಅಂದು ಅನೇಕರು ನೆಚ್ಚಿದ್ದ ಕೊಡಾಕ್ರೋಮ್ ಫಿಲ್ಮಿನ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) ಕೇವಲ 25 ಎಎಸ್‌ಎ, ಹಾಗಾಗಿ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಿತ್ತು. ಗಂಟೆಗೆ 100 ಮೈಲಿ ವೇಗದಲ್ಲಿ ಬರುವ ಡೆಲ್ಟಿಕ್ ಎಂಬ ವರ್ಗದ ಡೀಸೆಲ್ ಎಂಜಿನ್ ಸೆಕೆಂಡಿನ 500ನೇ ಒಂದು ಭಾಗದಲ್ಲೇ ಸುಮಾರು 9 ಸೆಂಟಿಮೀಟರ್ ಸರಿದಿರುತ್ತದೆ, ಮೋಡ ಕವಿದು (ಆ ದೇಶದಲ್ಲಿ ಅದೇನು ಅಪರೂಪವೇ?) ಶಟರನ್ನು 125ನೇ ಒಂದು ಭಾಗಕ್ಕೆ ಇಳಿಸಬೇಕಾಗಿ ಬಂದರೆ ಅದು 36 ಸೆಂಟಿಮೀಟರ್ ಆಗುತ್ತದೆ. ಪಕ್ಕದಿಂದ ತೆಗೆದರೆ ಕಲಸಿಹೋಗುವ ಚಿತ್ರ, ಎಂಜಿನ್ ನಮ್ಮತ್ತಲೇ ಬರುವಂತೆ ಓರೆಯಾಗಿ ನಿಂತು ತೆಗೆದಾಗ ಬಹುಮಟ್ಟಿಗೆ ಸ್ಪಷ್ಟವಾಗಿ ಉಳಿಯುತ್ತದೆ.

ಎಂಜಿನ್‌ಗಳ ನೀಲಿ ಬಣ್ಣದ ಏಕತಾನತೆಯ ಬಗ್ಗೆ ಲೇಖಕರು ಆಡಿದ ಮಾತು ನಿಜವೇ. ಆದರೆ ಮುಂಭಾಗದ ಹೆಡ್‌ಕೋಡ್ ಪೆಟ್ಟಿಗೆಯನ್ನು ಲೇಖಕರು ಗಮನಿಸಿದಂತಿಲ್ಲ. ರೈಲಿನ ದರ್ಜೆ ಮತ್ತು ಮಾರ್ಗವನ್ನು ಸೂಚಿಸುತ್ತಿದ್ದ ಆ ನಾಲ್ಕು ಅಕ್ಷರ-ಅಂಕಿಗಳನ್ನು ತೋರಿಸುವ ಪದ್ಧತಿ 1976ರ ಜನವರಿಯಲ್ಲಿ ನಿಂತಿತು. ಬಳಿಕ ಹಲವು ಎಂಜಿನ್‌ಗಳಲ್ಲಿ ನಾಲ್ಕು ಸೊನ್ನೆಗಳು, ಮುಂದೆ ಕಪ್ಪು ಫಲಕದ ಮೇಲೆ ಎರಡು ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ದಿನಾಂಕ ಬರೆಯದ ಸ್ಲೈಡಿನ ಕಾಲವನ್ನು ಅಂದಾಜಿಸಲು ಇದಕ್ಕಿಂತ ಸುಲಭದ ಗುರುತು ಸಿಗುವುದು ಕಷ್ಟ. 1977ರ ಫೆಬ್ರವರಿಯಲ್ಲಿ ನಿವೃತ್ತವಾದ ವೆಸ್ಟರ್ನ್ ಎಂಬ ವರ್ಗದ ಡೀಸೆಲ್ ಎಂಜಿನ್‌ಗಳಲ್ಲಂತೂ ಕೊನೆಯ ತಿಂಗಳುಗಳಲ್ಲಿ ಅದೇ ಪೆಟ್ಟಿಗೆಯೊಳಗೆ ಎಂಜಿನ್ನಿನ ಸ್ವಂತ ಸಂಖ್ಯೆಯನ್ನೇ ತಿರುಗಿಸಿ ಇಡುತ್ತಿದ್ದರು, ಅದು ಚಿತ್ರದಲ್ಲಿ ಉಳಿದದ್ದು ಲೇಖಕರು ಹಳಿಯುವ ಆ ಕೋನದಿಂದಲೇ.