ಮಗುವಿಗೆ ಸಂತರ ಹೆಸರೇ ಇಡಬೇಕಾ? ಒಂದು ಸ್ಪಷ್ಟನೆ

"ಸಂತರ ಹೆಸರು ಇಡದಿದ್ದರೆ ಮಗುವಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಡುವುದಿಲ್ಲ, ಜ್ಞಾನತಂದೆ, ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಇಬ್ಬರೂ ಇರಲೇಬೇಕು" ಎಂಬ ಮೆಸೇಜನ್ನು ಮೊನ್ನೆ ನಾನೂ ಕುಟುಂಬದ ಗ್ರೂಪಿಗೆ ಹಾಕಿದ್ದೆ. ಅದು ತಪ್ಪು.

ಏಳು ತಿಂಗಳ ಬಸುರಿ ನಾದಿನಿ "ಹಾಗಾದ್ರೆ ನಾವು ಆರಿಸಿಟ್ಟ ಹೆಸರು ಬಿಡಬೇಕಾ?" ಎಂದು ಕೇಳಿದ ಮೇಲೇ ನಾನು ಪುಸ್ತಕ ತೆರೆದದ್ದು. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನಿನ 855ನೇ ವಿಧಿ ಹೇಳುವುದು ಇಷ್ಟೇ: ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ. ಅಂದರೆ ಆಶಾ, ಕಿರಣ್ ಧಾರಾಳವಾಗಿ ಇಡಬಹುದು. ಅಜ್ಜ-ಅಜ್ಜಿಯ ಹೆಸರು ಸೇರಿಸುವುದು ನಮ್ಮ ಮನೆಯ ರೂಢಿ, ಅಷ್ಟೇ.

873ನೇ ವಿಧಿಯ ಪ್ರಕಾರ ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರಿದ್ದರೂ ಸಾಕು. ಇಬ್ಬರಾದರೆ ಒಂದು ಗಂಡು, ಒಂದು ಹೆಣ್ಣು. ಸಾಮಾನ್ಯವಾಗಿ ಅವರಿಗೆ 16 ವರ್ಷ ತುಂಬಿರಬೇಕು, ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ) ಆಗಿರಬೇಕು. ಹೆತ್ತವರೇ ಆಗುವಂತಿಲ್ಲ.

ದಯವಿಟ್ಟು ಹಳೇ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅಲ್ಲಿಗೆ ಇದನ್ನೂ ಕಳಿಸಿ.