ಸಂದಿಗೊಂದಿಯ ಸಮಾಚಾರ

ಬಚ್ಚಲ ಗೋಡೆಯಲ್ಲಿ ಕರಿ ಗೆರೆ ಮೂಡಿದ್ದನ್ನು ಮೊದಲು ಕಂಡವಳು ನನ್ನ ಹೆಂಡತಿ. ನಾನು ಅದನ್ನು ಟೈಲ್ಸಿನ ಡಿಸೈನೇ ಅಂದುಕೊಂಡಿದ್ದೆ. ಷವರಿನ ಕೆಳಗೆ, ಮೊಣಕಾಲೆತ್ತರದಿಂದ ನೆಲದವರೆಗೆ, ಸಂದುಸಂದಿಗೂ ಕಾಡಿಗೆ ತೀಡಿದ ಹಾಗಿತ್ತು. ಉಗುರು ತಾಗಿಸಿದರೆ ವೈಟ್ ಸಿಮೆಂಟು ಟೀಯಲ್ಲಿ ಅದ್ದಿದ ರಸ್ಕಿನಂತೆ ಮೆತ್ತಗೆ ಕಿತ್ತುಬಂತು.

ಬೀದಿಯಲ್ಲಿ "ಆಸಿಡ್, ಫಿನಾಯಿಲ್" ಎಂದು ಕೂಗುತ್ತ ಹೋಗುವ ಸೈಕಲ್ಲಿನವನ ಹತ್ತಿರ ಒಂದು ಬಾಟಲಿ ಕೊಂಡೆ. ಸುರಿದ ಕೂಡಲೇ ಬುಸ್ಸೆಂದು ನೊರೆ. ಕೊಳೆ ಸಾಯುತ್ತಿದೆ ಎಂದು ಹಿಗ್ಗಿದೆ. ಸಾಯುತ್ತಿದ್ದದ್ದು ಸಿಮೆಂಟು. ಅದರ ಸುಣ್ಣದಂಶವನ್ನು ಆಸಿಡ್ ತಿನ್ನುವಾಗ ಏಳುವ ನೊರೆಯಂತೆ ಅದು. ಹೀಗೆ ನಾಲ್ಕು ಭಾನುವಾರ ನಾನೇ ಕೈಯಾರೆ ಉಣಬಡಿಸಿದೆ. ಬ್ಲೀಚಿಂಗ್ ಪೌಡರನ್ನೂ ಬೆರೆಸಲು ಹೊರಟಾಗ ಮಗಳು ತಡೆದಳು: ಎರಡೂ ಸೇರಿದರೆ ಕ್ಲೋರಿನ್ ಎದ್ದು ಉಸಿರು ಕಟ್ಟುತ್ತದಂತೆ. ಅವಳ ಟ್ಯೂಷನ್ ಫೀಸು ವಸೂಲಾದದ್ದು ಅವತ್ತೇ.

ಐದನೇ ಭಾನುವಾರ ಕೆಳಗಿನ ಮನೆಯ ರಾಯರು ಬಂದರು. "ನಮ್ಮ ಬಚ್ಚಲ ಚಾವಣಿ ಒದ್ದೆಯಾಗ್ತಿದೆ, ಒಂದ್ಸಲ ಬಂದು ನೋಡ್ತೀರಾ?" "ನೋಡೋಣ, ನೋಡೋಣ" ಅಂದೆ. ಆ ಮಾತಿಗೆ ನಮ್ಮಲ್ಲಿ ಏನರ್ಥ ಅನ್ನುವುದು ಅವರಿಗೂ ಗೊತ್ತಿತ್ತು.

ಊರಿನ ಬಚ್ಚಲಲ್ಲಿ ಇಂಥ ತಕರಾರೇ ಇರಲಿಲ್ಲ. ಕಲ್ಲು ಚಪ್ಪಡಿಗಳ ನಡುವೆ ಬೆರಳು ತೂರುವಷ್ಟು ಸಂದು; ಅದರಲ್ಲಿ ಪಾಚಿ, ಒಮ್ಮೊಮ್ಮೆ ಎರೆಹುಳ. ಮಿಂದ ನೀರು ನೇರ ಬಸಳೆ ಚಪ್ಪರದ ಬುಡಕ್ಕೆ. ಹಂಡೆಯ ಒಲೆ ಬೆಳಗಿನಿಂದ ಉರಿದು ಗೋಡೆಯನ್ನೂ ಒಣಗಿಸುತ್ತಿತ್ತು. ಇಲ್ಲಿ ಒಂದು ಗೇಣಿನ ಕಿಟಕಿ, ಅದರ ತುಂಬ ತಿರುಗದ ಎಕ್ಸಾಸ್ಟ್ ಫ್ಯಾನು. ಆರ್ದ್ರೆ ಮಳೆ ಹಿಡಿದರೆ ಚೊಂಬಿನ ಹೊರಮೈಯೂ ಒಣಗುವುದಿಲ್ಲ.

ಕೊನೆಗೆ ಮೇಸ್ತ್ರಿ ಬಂದ. ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತ ಹೋದ. ಟಣ್, ಟಣ್, ಡಬ್. "ಹಿಂದೆ ಟೊಳ್ಳಾಗ್ಬಿಟ್ಟದೆ ಸಾರ್. ಸಂದೇ ಬಿಟ್ಟಿಲ್ವಲ್ಲ, ಒತ್ತಿ ಅಂಟಿಸವ್ರೆ. ಎರಡು ಮೂರು ಎಂಎಂ ಬಿಟ್ರೆ ತಾನೆ ಒಳಗೆ ಏನಾದ್ರೂ ಹೋಗಿ ಕೂರೋದು? ಇದು ಬರೀ ಮೇಲೆ ಸವರಿರೋದು. ಯಾವನ್ ಸಾರ್ ಹಿಂಗ್ ಮಾಡ್ಸಿದ್ದು?"

ನಾನು ಗೀಸರ್ ಕಡೆ ನೋಡಿದೆ. ಮನೆ ಕೊಂಡಾಗ "ಸಂದು ಕಾಣಲೇಬಾರದು" ಎಂದು ಎದುರು ನಿಂತು ಟೈಲ್ಸ್ ಹಾಕಿಸಿದ ಮಹಾಶಯ ನಾನೇ.

ಕಟರ್ ಹಾಕಿ ಸಂದು ಬಿಡಿಸಿದ್ದಕ್ಕೆ ಅಡುಗೆಮನೆಯ ಸಾಸಿವೆ ಡಬ್ಬಿಯ ಮೇಲೂ ಧೂಳು. ಈ ಸಲ ಸಂದಿಗೆ ವೈಟ್ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ಗಟ್ಟಿ ಅಂಟಂತೆ. ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಆಗ ಯಾರೂ ಮಾತಾಡಿಸಬಾರದು, ಟೀ ಕೂಡ ಆಮೇಲೆ. ಮೂಲೆಗೆ ಮಾತ್ರ ರಬ್ಬರಿನಂತೆ ಬಾಗುವ ಸಿಲಿಕೋನ್, ಯಾಕೆಂದರೆ "ಮೂಲೆ ಅಲ್ಲಾಡ್ತದೆ ಸಾರ್". ಸಾಲ ಇನ್ನೂ ಹನ್ನೊಂದು ವರ್ಷ ಬಾಕಿ ಇರುವ ಮನೆಯ ಮೂಲೆ ಅಲ್ಲಾಡುತ್ತದೆ ಎಂದರೆ ಹೇಗಾಗಬೇಡ! ಎರಡು ದಿನ ಒಣಗಬೇಕು, ತುಂಬಿದ ಮೇಲೆ ಒಂದು ದಿನ ಗಟ್ಟಿಯಾಗಬೇಕು. ಅಲ್ಲಿವರೆಗೆ ನೀರು ತಾಗಿಸುವಂತಿಲ್ಲ. ನಮಗಿರುವುದು ಒಂದೇ ಬಚ್ಚಲು.

ಮರುದಿನ ಬೆಳಿಗ್ಗೆ ಹೆಗಲಿಗೆ ಟವೆಲ್ ಹಾಕಿಕೊಂಡು ರಾಯರ ಮನೆ ಬಾಗಿಲು ತಟ್ಟಿದೆ. ಮನುಷ್ಯ ದೊಡ್ಡವರು, ಬಿಸಿನೀರೂ ಬಿಟ್ಟುಕೊಟ್ಟರು. ಎರಡು ಚೊಂಬು ಹುಯ್ದುಕೊಂಡಿರಬೇಕು, ನೆತ್ತಿಯ ಮೇಲೆ ತಣ್ಣಗೆ ಏನೋ ಬಿತ್ತು. ಕತ್ತೆತ್ತಿದೆ. ಸುಟ್ಟ ದೋಸೆಯಂಥ ಕಂದು ಅಂಚಿನ ಕಲೆ, ಅದರ ನಡುವೆ ಇನ್ನೊಂದು ಹನಿ ಗುಂಡಗಾಗುತ್ತಿತ್ತು.

"ನೀರು ಸರಿಯಾಗಿ ಬರ್ತಿದೆಯಾ?" ಹೊರಗಿನಿಂದ ರಾಯರು ಕೇಳಿದರು.

"ಬರ್ತಿದೆ ರಾಯರೇ," ಎಂದೆ, "ಎರಡೂ ಕಡೆಯಿಂದ."